ಬಲತೋಳಿಗೆ ಕೆಂಪು, ಎಡತೋಳಿಗೆ ಹಸಿರು

ನನ್ನ ಸೋದರಮಾವ ಅಂಗಪ್ಪನ್ ತಮ್ಮ ನಲವತ್ತೆರಡನೆಯ ವಯಸ್ಸಿನವರೆಗೆ ಮೈಗೆ ಸರಿಯಾಗಿ ಕೂರುವ ಒಂದು ಅಂಗಿಯನ್ನೂ ತೊಟ್ಟವರಲ್ಲ. ಕೊಯಮತ್ತೂರು ಕಡೆಯ ಸಿರುಮುಗೈಯಲ್ಲಿ ಅವರು ನೇಯ್ದ ರೇಷ್ಮೆ ಸೀರೆಗಳನ್ನು ಉಟ್ಟು ಎಷ್ಟೋ ಊರಿನ ಹೆಣ್ಣುಮಕ್ಕಳು ಹಸೆಮಣೆ ಏರಿದ್ದರು. ಮಾವನ ಮೈಮೇಲೆ ಮಾತ್ರ ಮೆಟ್ಟುಪಾಳ್ಯದ ಅಂಗಡಿಯ ಕೊಕ್ಕೆಯಿಂದ ಇಳಿಸಿ ತಂದ, ಒಂದು ಅಳತೆ ದೊಡ್ಡದಾದ ರೆಡಿಮೇಡ್ ಅಂಗಿ. ಅದರ ತೋಳುಗಳನ್ನು ಮೊಣಕೈಗಿಂತ ಮೇಲಕ್ಕೆ ಮಡಿಸಿಬಿಡುತ್ತಿದ್ದರು. ಮಡಿಸಿದ ತೋಳಿನಲ್ಲಿ ಯಾವ ಕೈ ಉದ್ದ, ಯಾವ ಕೈ ಗಿಡ್ಡ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ತಾತ ತೀರಿಕೊಂಡಾಗ ಮಾವನಿಗೆ ಹದಿನಾರು. ಆ ವರ್ಷವೇ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗಕ್ಕೆ ಇಳಿದರು. ಬಲಗೈಯಲ್ಲಿ ಹಗ್ಗ ಎಳೆದರೆ ಲಾಳಿ ಓಡುತ್ತದೆ, ಎಡಗೈಯಲ್ಲಿ ಹಲಗೆ ಬಡಿದರೆ ನೂಲು ಹೋಗಿ ಕೂರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಸಾವಿರಾರು ಸಲ ಇದೇ. ಹಾಗೆ ಎಳೆದೂ ಎಳೆದೂ ಅವರ ಬಲ ಭುಜ ಕೆಳಗಿಳಿದು, ಆ ಕಡೆಯ ಕೈ ನೆಲದತ್ತ ಒಂದಿಷ್ಟು ಜಾಸ್ತಿ ಇಳಿಬಿದ್ದಿತು. ಮನೆಯಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ನೇಕಾರರ ಬೀದಿಯಲ್ಲಿ ಎಲ್ಲರೂ ಹೆಚ್ಚುಕಡಿಮೆ ಹಾಗೇ ಇರುತ್ತಾರೆ.

ಗಮನಿಸಿದವನು ಮೆಟ್ಟುಪಾಳ್ಯದ ಒಬ್ಬ ಟೈಲರು. ದೊಡ್ಡ ತಂಗಿಯ ಮದುವೆಗೆಂದು ಅಂಗಿ ಹೊಲಿಸಲು ಮಾವ ಹೋಗಿದ್ದರು, ಆಗ ಇಪ್ಪತ್ತೆರಡು ವಯಸ್ಸು. ಟೇಪು ಹಿಡಿದ ಟೈಲರು, "ತಂಬಿ, ನೇರಾ ನಿಲ್ಲು" ಅಂದ. ಮಾವ ನೇರವಾಗಿಯೇ ನಿಂತಿದ್ದರು. "ನೇರಾ ನಿಲ್ಲಪ್ಪ" ಅಂತ ಇನ್ನೊಮ್ಮೆ ಅಂದ. ಮೂರನೆಯ ಸಲ ಅವನೇ ಭುಜ ಹಿಡಿದು ಎತ್ತಿ ನಿಲ್ಲಿಸಿದ. ಕೈ ಬಿಟ್ಟ ಕೂಡಲೇ ಭುಜ ಮತ್ತೆ ತನ್ನ ಜಾಗಕ್ಕೆ ಇಳಿಯಿತು. ಬೆಂಚಿನ ಮೇಲೆ ಕಾಯುತ್ತಿದ್ದವರು ನಕ್ಕರು. ಕೆಟ್ಟ ನಗೆಯೇನಲ್ಲ, ಹೊತ್ತು ಹೋಗದವರ ನಗೆ. ಆದರೆ ಮಾವ ಆಮೇಲೆ ಯಾವ ಟೈಲರ ಅಂಗಡಿಯ ಮೆಟ್ಟಿಲನ್ನೂ ಹತ್ತಲಿಲ್ಲ.

ತಂಗಿಯರಿಬ್ಬರ ಮದುವೆಯಾಯಿತು. ಚಿಕ್ಕವಳು ರುಕ್ಮಣಿ, ನನ್ನ ತಾಯಿ. ಅಜ್ಜಿ ವಳ್ಳಿಯಮ್ಮ ಹಾಸಿಗೆ ಹಿಡಿದು ಒಂಬತ್ತು ವರ್ಷ ಇದ್ದರು; ಅವರನ್ನು ನೋಡಿಕೊಂಡವರು ಮಾವ. ಅಜ್ಜಿ ಹೋದಮೇಲೆ ಮನೆಯಲ್ಲಿ ಮಗ್ಗವೂ ಅವರೂ ಇಬ್ಬರೇ. ಒಂದು ವರ್ಷ ಸುಮ್ಮನಿದ್ದ ಅಮ್ಮ, ಸಾವಿರದ ಒಂಬೈನೂರ ಎಂಬತ್ತನಾಲ್ಕರಲ್ಲಿ ಹಟ ಹಿಡಿದು ಪೊಳ್ಳಾಚಿಯಲ್ಲಿ ಒಂದು ಹೆಣ್ಣು ಹುಡುಕಿದರು.

ಹೆಣ್ಣಿನ ಹೆಸರು ಶಿವಗಾಮಿ. ಮೂವತ್ತೈದು ವಯಸ್ಸು. ಅವರದೂ ನಮ್ಮ ಹಾಗೇ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು. ತಂದೆ ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು, ತೀರಿಕೊಂಡಿದ್ದರು. ಅಣ್ಣ ದೇವರಾಜನ್ ಕೊಬ್ಬರಿ ವ್ಯಾಪಾರಿ. ಇಪ್ಪತ್ತರಲ್ಲಿ ಗೊತ್ತಾಗಿದ್ದ ಒಂದು ಸಂಬಂಧ ಗಂಡಿನವರ ಕಡೆಯಿಂದ ಮುರಿದುಬಿತ್ತು; ಆಮೇಲೆ ಶಿವಗಾಮಿ ಹೊಲಿಗೆ ಯಂತ್ರ ಒಂದನ್ನು ಕಿಟಕಿಯ ಪಕ್ಕ ಹಾಕಿಕೊಂಡು ಕೂತವರು, ರವಿಕೆ, ಪಾವಾಡೆ, ಶಾಲೆಯ ಹುಡುಗಿಯರ ಯೂನಿಫಾರಂ ಹೊಲಿಯುತ್ತ ಹದಿನೈದು ವರ್ಷ ಕಳೆದಿದ್ದರು. ಈ ಕತೆಯನ್ನು ನನಗೆ ಹೇಳಿದವರು ಅವರೇ, ನನ್ನ ಅತ್ತೆ. ಒಂದೇ ಸಲಕ್ಕಲ್ಲ, ಹಲವು ಮಧ್ಯಾಹ್ನಗಳಲ್ಲಿ, ಗುಂಡಿ ಹೊಲಿಯುತ್ತ.

ಹೆಣ್ಣು ನೋಡಲು ಹೋದ ದಿನ ಇಬ್ಬರನ್ನೂ ಹಿತ್ತಿಲ ತೆಂಗಿನಮರದ ಕೆಳಗೆ ಹತ್ತು ನಿಮಿಷ ಬಿಟ್ಟರು. ಮಾವ ನೆಲ ನೋಡುತ್ತ ನಿಂತರು. ಶಿವಗಾಮಿಯೇ ಕೇಳಿದರು:

"ಒಂದು ಸೀರೆ ನೇಯಾಕೆ ಎಷ್ಟು ದಿನ ಆಗ್ತದೆ?"

"ಸೀರೆ ನೋಡ್ಕೊಂಡು. ಎಂಟು ದಿನ, ಹತ್ತು ದಿನ."

"ಕೆಲಸ ಇಲ್ದಾಗ ಏನ್ ಮಾಡ್ತೀರ?"

ಮಾವ ಯೋಚಿಸಿದರು. "ಹೊಳೆ ಹತ್ರ ಹೋಗಿ ಸುಮ್ನೆ ಕೂತಿರ್ತೀನಿ."

ಅತ್ತೆಗೆ ಆ ಉತ್ತರ ಹಿಡಿಸಿತು. ಬೇರೆ ಗಂಡಸರಾಗಿದ್ದರೆ ಏನಾದರೊಂದು ಕೆಲಸ ಸೃಷ್ಟಿಸಿ ಹೇಳುತ್ತಿದ್ದರು ಎಂದು ಅವರಿಗೆ ಅನಿಸಿತಂತೆ.

ಸಂಕ್ರಾಂತಿ ಕಳೆದು ತೈ ತಿಂಗಳಲ್ಲಿ ಮದುವೆ ಎಂದು ನಿಶ್ಚಯವಾಯಿತು. ಹೊರಡುವಾಗ ದೇವರಾಜನ್ ಮಾವನ ಕೈ ಹಿಡಿದು, ತಂಗಿಯ ಗಂಡನಾಗುವವರನ್ನು ಕರೆಯುವ ಹಾಗೆ ಕರೆದು ಹೇಳಿದರು: "ಮಾಪಿಳ್ಳೆ, ಮದುವೆ ಹಿಂದಿನ ಸಾಯಂಕಾಲ ರಿಸೆಪ್ಷನ್ ಇಟ್ಟಿದೀವಿ. ನಮ್ ವ್ಯಾಪಾರದವರೆಲ್ಲ ಬರ್ತಾರೆ. ನೀವು ಕೋಟು, ಪ್ಯಾಂಟು ಹಾಕ್ಬೇಕು. ಬಟ್ಟೆ ನಾವೇ ತೆಗೀತೀವಿ, ಇಲ್ಲೇ ಹೊಲಿಸ್ತೀವಿ. ನೀವು ಮೈ ಅಳವು ಕಳ್ಸಿದ್ರೆ ಪೋದುಂ, ಅಷ್ಟು ಸಾಕು."

ಜೊತೆಗೆ ಒಂದು ಕಾಗದ ಕೊಟ್ಟರು. ಯಾವುದೋ ಬಟ್ಟೆ ಅಂಗಡಿಯವರು ಗಿರಾಕಿಗಳಿಗೆ ಹಂಚಿದ್ದು. ಅದರಲ್ಲಿ ಕೋಟು ತೊಟ್ಟು ನಿಂತ ಒಬ್ಬ ಮನುಷ್ಯನ ಚಿತ್ರ. ಕತ್ತಿಗೆ, ಎದೆಗೆ, ಸೊಂಟಕ್ಕೆ, ತೋಳಿಗೆ, ಕಾಲಿಗೆ ಬಾಣದ ಗುರುತು, ಒಟ್ಟು ಹನ್ನೊಂದು. ಬಾಣಗಳ ಪಕ್ಕ ಖಾಲಿ ಗೆರೆಗಳು. ಆ ಮನುಷ್ಯನಿಗೆ ಮುಖ ಬಿಡಿಸಿರಲಿಲ್ಲ.

ಮಾವ ಆ ಕಾಗದವನ್ನು ಮಗ್ಗದ ಮುಂದಿನ ಗೋಡೆಗೆ ಅಂಟಿಸಿದರು. ನೇಯುತ್ತಿರುವಾಗ ತಲೆ ಎತ್ತಿದರೆ ಮುಖವಿಲ್ಲದ ಆ ಮನುಷ್ಯ ಎರಡು ಭುಜವನ್ನೂ ಸರಿಸಮ ಮಾಡಿಕೊಂಡು ನಿಂತಿರುತ್ತಿದ್ದ. ಒಂದು ದಿನ ಮನಸ್ಸು ಗಟ್ಟಿಮಾಡಿ ಮೆಟ್ಟುಪಾಳ್ಯಕ್ಕೆ ಬಸ್ಸು ಹತ್ತಿದರು. ಟೈಲರ ಅಂಗಡಿಯ ಎದುರು ಬೀದಿಯಲ್ಲಿ ಎರಡು ಲೋಟ ಚಹಾ ಕುಡಿಯುವವರೆಗೆ ನಿಂತರು. ಒಳಗೆ ಬೆಂಚಿನ ಮೇಲೆ ನಾಲ್ಕು ಜನ ಕೂತಿದ್ದರು. ಮಾವ ಮುಂದಿನ ಬಸ್ಸಿಗೆ ಊರಿಗೆ ಮರಳಿದರು.

ಅವತ್ತೇ ಅವರಿಗೆ ಹೊಳೆಯಿತು: ತನ್ನನ್ನು ತಾನೇ ಅಳೆದುಕೊಂಡರೆ ಯಾರ ಮುಂದೆಯೂ ನಿಲ್ಲಬೇಕಾಗಿಲ್ಲ.

ಮನೆಯಲ್ಲಿ ಟೇಪು ಇರಲಿಲ್ಲ. ಇದ್ದರೂ ಅದರ ಅಂಕಿಗಳ ಮೇಲೆ ಮಾವನಿಗೆ ನಂಬಿಕೆ ಬರುತ್ತಿರಲಿಲ್ಲ. ಅವರ ಕೈಗೆ ಗೊತ್ತಿದ್ದದ್ದು ದಾರ. ಹಾಸು ಮುಗಿದಾಗ ಮಗ್ಗದಲ್ಲಿ ಉಳಿಯುವ ರೇಷ್ಮೆಯ ತುಂಡುಗಳು ಒಂದು ಮಡಕೆ ತುಂಬ ಇದ್ದವು, ಮಾವಿನ ಚಿಗುರಿನ ಬಣ್ಣ, ಅರಿಶಿನ, ನೇರಳೆ, ಗಿಳಿ ಹಸಿರು, ಕೆಂಪು. ಒಂಟಿ ಎಳೆ ಎಳೆದರೆ ಹಿಗ್ಗುತ್ತದೆ ಎಂದು ನಾಲ್ಕು ನಾಲ್ಕು ಎಳೆ ಸೇರಿಸಿ ಹುರಿ ಮಾಡಿದರು. ಹನ್ನೊಂದು ಬಾಣಕ್ಕೆ ಹನ್ನೊಂದು ಬಣ್ಣ.

ದಿನಕ್ಕೊಂದು ಅಳತೆ. ಊಟವಾದ ಮೇಲೆ ಬೀದಿಯ ಮಗ್ಗಗಳೆಲ್ಲ ಒಂದು ಗಳಿಗೆ ನಿಲ್ಲುತ್ತವೆ. ಆ ಹೊತ್ತಿನಲ್ಲಿ ಹಂಚಿನ ನಡುವಿನ ಗಾಜಿನಿಂದ ಒಂದು ಚೌಕ ಬೆಳಕು ನೆಲದ ಮೇಲೆ ಬೀಳುತ್ತದೆ. ಮಾವ ಬಾಗಿಲು ಮುಂದೆ ಮಾಡಿ, ಅಂಗಿ ತೆಗೆದು, ಆ ಬೆಳಕಿನಲ್ಲಿ ಬಂದು ನಿಲ್ಲುತ್ತಿದ್ದರು.

ಮೊದಲು ಕತ್ತು. ದಾರವನ್ನು ಸುತ್ತಿ, ಉಸಿರುಗಟ್ಟದ ಹಾಗೆ ಒಳಗೆ ಒಂದು ಬೆರಳಿಟ್ಟು, ಗಂಟು ಹಾಕಿದರು. ಅದು ಸುಲಭ. ಎದೆಯ ದಿನ ತೊಡಕಾಯಿತು. ಉಸಿರು ಎಳೆದುಕೊಂಡರೆ ಒಂದು ಅಳತೆ, ಬಿಟ್ಟರೆ ಇನ್ನೊಂದು. ಎರಡರಲ್ಲಿ ತನ್ನದು ಯಾವುದು? ಎಷ್ಟೋ ಹೊತ್ತು ದಾರ ಸುತ್ತಿಕೊಂಡೇ ನಿಂತರು. ಹೊರಗೆ ಯಾರೋ ಎಮ್ಮೆ ಅಟ್ಟಿಕೊಂಡು ಹೋದರು. ಅದರ ಕೊರಳ ಗಂಟೆ ದೂರವಾಗುವುದನ್ನು ಕೇಳುತ್ತ ಕೇಳುತ್ತ ತಾನು ಅಳೆದುಕೊಳ್ಳುತ್ತಿದ್ದೇನೆ ಎಂಬುದನ್ನೇ ಮರೆತರು. ನೆನಪಾದ ಕೂಡಲೇ, ದಾರ ಅದೇ ಜಾಗದಲ್ಲಿರುವಾಗಲೇ ಬೆರಳು ಒತ್ತಿ ಹಿಡಿದರು. ಹಾಗೆ ಅರಿಶಿನ ಬಣ್ಣದ ದಾರಕ್ಕೆ ಮೂರು ಗಂಟು ಬಿದ್ದವು, ಒಳಗಿನ ಉಸಿರಿಗೊಂದು, ಹೊರಗಿನ ಉಸಿರಿಗೊಂದು, ನಡುವೆ ಮರೆತ ಹೊತ್ತಿಗೊಂದು.

ಕಾಲಿಗೆ, ಹಿಮ್ಮಡಿಯಿಂದ ದಾರದ ತುದಿ ತುಳಿದು ಮೇಲಕ್ಕೆಳೆದರು. ತೋಳಿಗೆ, ಒಂದು ತುದಿಯನ್ನು ಕತ್ತಿನ ಹಿಂದೆ ದಾರದ ಕುಣಿಕೆಗೆ ಸಿಕ್ಕಿಸಿ, ಭುಜದ ಮೇಲಿಂದ ಬಿಟ್ಟು, ಕೈಯನ್ನು ಸ್ವಲ್ಪ ಬಾಗಿಸಿ, ಮಣಿಕಟ್ಟಿನ ಮೂಳೆಯ ಬಳಿ ಹಲ್ಲಿನಿಂದ ಗಂಟು ಬಿಗಿದರು. ಮೊದಲು ಎಡಗೈ, ಹಸಿರು. ಅದೇ ದಾರವನ್ನು ಬಲಗೈಗೆ ಹಿಡಿದರೆ ಮಣಿಕಟ್ಟಿಗಿಂತ ಒಂದೂವರೆ ಬೆರಳು ಮೇಲೆಯೇ ನಿಂತುಬಿಟ್ಟಿತು. ತಪ್ಪಾಗಿದೆ ಎಂದು ಬಿಚ್ಚಿ ಮತ್ತೆ ಅಳೆದರು. ಮೂರು ದಿನ ಅಳೆದರು. ಮೂರು ದಿನವೂ ಒಂದೂವರೆ ಬೆರಳು. ಕಾಗದದಲ್ಲಿ ತೋಳಿಗೆ ಒಂದೇ ಬಾಣವಿತ್ತು. ಮಾವ ಬಲಗೈಗೆ ಬೇರೆಯಾಗಿ ಒಂದು ಕೆಂಪು ದಾರ ಹುರಿ ಮಾಡಿದರು.

ಉಳಿದದ್ದು ಬೆನ್ನು, ಈ ಭುಜದಿಂದ ಆ ಭುಜಕ್ಕೆ. ಅದನ್ನು ಮನುಷ್ಯ ತಾನೇ ಅಳೆದುಕೊಳ್ಳುವುದು ಆಗದ ಮಾತು. ಪಕ್ಕದ ಮನೆಯವರನ್ನು ಕರೆಯಬಹುದಿತ್ತು, ಕರೆಯಲಿಲ್ಲ. ಒಂದು ಮಧ್ಯಾಹ್ನ ಬಾವಿಯ ಬಳಿ ಸ್ನಾನ ಮಾಡಿ, ಮೈ ಒರೆಸದೆ, ಬಿಸಿಲಿಗೆ ಕಾದ ಹಿಂಗೋಡೆಗೆ ಒಂದು ಗಳಿಗೆ ಒರಗಿ ನಿಂತರು. ಸಿಮೆಂಟು ಬೆನ್ನಿಗೆ ಬೆಚ್ಚಗೆ ತಾಗಿತು. ಈಚೆ ಬಂದು ತಿರುಗಿ ನೋಡಿದರೆ ಗೋಡೆಯ ಮೇಲೆ ಅವರ ಬೆನ್ನು ಮೂಡಿತ್ತು.

ದಾರ ಹಿಡಿಯುವುದನ್ನು ಮರೆತು ಮಾವ ನೋಡುತ್ತ ನಿಂತುಬಿಟ್ಟರು. ತನ್ನ ಬೆನ್ನನ್ನು ಅವರು ಕಂಡದ್ದು ಅದೇ ಮೊದಲು. ಯಾರೋ ಒಬ್ಬ ಮನುಷ್ಯ ಗೋಡೆಯ ಒಳಗೆ ನಿಧಾನವಾಗಿ ನಡೆದುಹೋಗುತ್ತಿರುವ ಹಾಗಿತ್ತು. ಎಡ ಭುಜ ಎತ್ತರ, ಬಲ ಭುಜ ತಗ್ಗು. ಹೊಳೆಯ ದಂಡೆ ನೀರಿಗೆ ಇಳಿಯುವ ಹಾಗೆ ಆ ಕಡೆ ಇಳಿಜಾರು. ನಗು ಬರುವಂಥದ್ದೇನೂ ಅದರಲ್ಲಿ ಅವರಿಗೆ ಕಾಣಲಿಲ್ಲ. ನೋಡುತ್ತಿದ್ದಂತೆ ಅಂಚುಗಳು ಆರುತ್ತ ಬಂದವು, ಭುಜ ಹೋಯಿತು, ನಡು ಹೋಯಿತು, ಕೊನೆಗೆ ಬೆನ್ನಹುರಿಯ ಜಾಗದಲ್ಲಿ ಒಂದು ತೇವದ ಗೆರೆ ಉಳಿದು ಅದೂ ಮಾಯವಾಯಿತು. ಮಾರನೆಯ ದಿನ ಮತ್ತೆ ಒರಗಿದರು, ಆಗ ದಾರ ಕೈಯಲ್ಲೇ ಇತ್ತು.

ಹನ್ನೆರಡು ದಾರಗಳನ್ನು ಒಂದು ಕುಂಕುಮದ ಡಬ್ಬಿಯಲ್ಲಿ ಸುತ್ತಿಟ್ಟು, ಜೊತೆಗೊಂದು ಪತ್ರ ಬರೆದರು. ನಮ್ಮ ಮನೆಗಳಲ್ಲಿ ಯಾರಿಗೂ ಕನ್ನಡ ಬರೆಯಲು ಬರುತ್ತಿರಲಿಲ್ಲ. ಮಾತು ಕನ್ನಡ, ಅಕ್ಷರ ತಮಿಳು. ಯಾವ ಬಣ್ಣ ಯಾವ ಅಂಗಕ್ಕೆ ಎಂದು ಒಂದೊಂದಾಗಿ ಬರೆದು, ಕೊನೆಯಲ್ಲಿ, "ಬಲತೋಳಿಗೆ ಕೆಂಪು, ಎಡತೋಳಿಗೆ ಹಸಿರು. ಎರಡೂ ಬೇರೆ ಬೇರೆ ಉದ್ದ. ಅದು ತಪ್ಪಲ್ಲ" ಎಂದು ಮುಗಿಸಿದ್ದರು.

ಪೊಳ್ಳಾಚಿಯಲ್ಲಿ ದೇವರಾಜನ್ ಆ ಡಬ್ಬಿಯನ್ನು ತಮಗೆ ಗೊತ್ತಿದ್ದ ಟೈಲರನಿಗೆ ತೋರಿಸಿದರು. ಟೈಲರು ಮನೆಗೇ ಬಂದಿದ್ದ. ಕೆಂಪು, ಹಸಿರು ಎರಡನ್ನೂ ಜೋಡಿಸಿ ಹಿಡಿದು, "ಇದೆಂಥ ಅಳವು ಸಾರ್, ಯಾರಿಗಾದ್ರೂ ಎರಡು ಕೈ ಎರಡು ಉದ್ದ ಇರ್ತದಾ? ಅವರಿಗೆ ಅಳಿಯಾಕೆ ಬಂದಿಲ್ಲ. ನಾನು ನಡುವಿನ ಲೆಕ್ಕಕ್ಕೆ ಕತ್ತರಿಸ್ತೀನಿ, ಭುಜಕ್ಕೆ ಹತ್ತಿ ತುಂಬಿದ್ರೆ ಎಲ್ಲಾ ಸರಿಯಾಗ್ತದೆ" ಅಂದ.

ಕಿಟಕಿಯ ಬಳಿ ಯಂತ್ರ ತುಳಿಯುತ್ತಿದ್ದ ಶಿವಗಾಮಿ ಕಾಲು ನಿಲ್ಲಿಸಿದರು. ಹಿತ್ತಿಲಲ್ಲಿ ನಿಂತಿದ್ದವರ ತೋಳಿನ ಮಡಿಕೆ ಅವರಿಗೆ ನೆನಪಾಯಿತು: ಒಂದು ಕಡೆ ಮೂರು ಸುತ್ತು, ಇನ್ನೊಂದು ಕಡೆ ನಾಲ್ಕು. ಬಟ್ಟೆಯ ಕೆಲಸದವರಿಗೆ ಅಂಥದ್ದು ಕಣ್ಣಿಗೆ ಬೀಳುತ್ತದೆ.

ಟೈಲರು ಅಳತೆ ಬರೆದುಕೊಂಡು ಹೋದಮೇಲೆ ಅಣ್ಣನ ಬಳಿ ಬಂದು, "ಡಬ್ಬಿ ನಂಗೆ ಕೊಡಣ್ಣ. ಕೋಟು ನಾನು ಹೊಲೀತೀನಿ" ಅಂದರು.

"ನೀನು ರವಿಕೆ ಹೊಲಿಯೋವಳು."

"ಅದೂ ಮೈಗೇ ಹೊಲಿಯೋದು."

"ಮದುವೆ ಹೆಣ್ಣೇ ಗಂಡಿಗೆ ಕೋಟು ಹೊಲಿದ್ರೆ ಜನ ಏನಂತಾರೆ?"

"ಹೇಳ್ಬೇಡ ಯಾರಿಗೂ."

ದೇವರಾಜನ್‌ಗೆ ನಂಬಿಕೆ ಬರಲಿಲ್ಲ. ಕೊಯಮತ್ತೂರಿನ ಒಪ್ಪನಕ್ಕಾರ ಬೀದಿಯಿಂದ ಬೂದಿ ಬಣ್ಣದ ಬಟ್ಟೆಯನ್ನು ಎರಡು ಕೋಟಿಗೆ ಆಗುವಷ್ಟು ತಂದು, ಒಂದು ಪಾಲು ತಂಗಿಗೆ ಕೊಟ್ಟರು, ಒಂದು ಪಾಲು ಟೈಲರನಿಗೆ.

ಅತ್ತೆ ಅದುವರೆಗೆ ಕೋಟಿನ ಒಳಗನ್ನು ನೋಡಿದವರಲ್ಲ. ತಂದೆಯ ಹಳೆಯ ಕಪ್ಪು ಕೋಟು ಪೆಟ್ಟಿಗೆಯಲ್ಲಿತ್ತು. ಅದನ್ನು ತೆಗೆದು, ಮಡಿಲಲ್ಲಿ ಹಾಸಿಕೊಂಡು, ಬ್ಲೇಡಿನಿಂದ ಒಂದೊಂದೇ ಹೊಲಿಗೆ ಬಿಚ್ಚಿದರು. ಒಳಪದರ ಬಂತು, ಅದರ ಕೆಳಗೆ ಗಡುಸು ಕ್ಯಾನ್ವಾಸು, ಭುಜದಲ್ಲಿ ಹತ್ತಿಯ ದಿಂಬು, ಕಾಲರಿನ ಅಡಿಯಲ್ಲಿ ಯಾರ ಕಣ್ಣಿಗೂ ಬೀಳದ ಸಾವಿರ ಚಿಕ್ಕ ಹೊಲಿಗೆಗಳು. ಮೂವತ್ತು ವರ್ಷ ಆ ಕೋಟು ತೊಟ್ಟು ತಂದೆ ಕೋರ್ಟಿಗೆ ಹೋಗಿದ್ದರು. ಬಿಚ್ಚಿದ ಭಾಗಗಳಲ್ಲಿ ಅವರ ಮೊಣಕೈಯ ಬಾಗು, ಫೈಲು ಹಿಡಿದ ಕಂಕುಳಿನ ಸುಕ್ಕು ಹಾಗೇ ಉಳಿದಿತ್ತು. ಅದನ್ನು ನೋಡಿ ಒಂದು ದಿನ ಕೆಲಸ ಮಾಡದೆ ಕೂತಿದ್ದೆ ಎಂದು ಅತ್ತೆ ಹೇಳಿದ್ದರು.

ದಾರಗಳನ್ನು ಕಿಟಕಿಯ ಸರಳಿಗೆ ಕಟ್ಟಿ ತೂಗುಬಿಟ್ಟಿದ್ದರು. ಗಾಳಿ ಬಂದಾಗ ಹನ್ನೆರಡೂ ಮೆಲ್ಲಗೆ ಅಲುಗುತ್ತಿದ್ದವು. ರವಿಕೆ ಹೊಲಿಯುತ್ತ ಕಣ್ಣೆತ್ತಿದರೆ ಅವೇ ಕಾಣುತ್ತಿದ್ದವು. ಮನೆಯಲ್ಲಿ ಯಾರೂ ಇಲ್ಲದಾಗ ಕಾಲಿನ ಅಳತೆಯ ನೇರಳೆ ದಾರವನ್ನು ನೆಲದಿಂದ ಬಾಗಿಲ ಚೌಕಟ್ಟಿಗೆ ಹಿಡಿದು, ಅವರ ಸೊಂಟ ತನಗೆ ಎಲ್ಲಿಗೆ ಬರುತ್ತದೆ ಎಂದು ನೋಡಿದರು. ಕತ್ತಿನ ದಾರದ ಕುಣಿಕೆಯಲ್ಲಿ ಒಂದು ಬೆರಳಿನ ಜಾಗ ಇರುವುದನ್ನು ಕಂಡುಹಿಡಿದರು. ಎದೆಯ ದಾರದ ಮೂರು ಗಂಟು ಮಾತ್ರ ಅರ್ಥವಾಗಲಿಲ್ಲ. ಪತ್ರದಲ್ಲಿ ಅದರ ಬಗ್ಗೆ ಏನೂ ಇರಲಿಲ್ಲ. ಕೊನೆಗೆ ಒಂದು ದಿನ ಆ ದಾರವನ್ನು ತನಗೇ ಸುತ್ತಿಕೊಂಡು ಉಸಿರಾಡಿದಾಗ ತಿಳಿಯಿತು. ನಡುವಿನ ಗಂಟಿಗೆ ಕತ್ತರಿಸಬೇಕು ಎಂದು ಗುರುತು ಮಾಡಿಕೊಂಡರು.

ಬೂದಿ ಬಟ್ಟೆಗೆ ಕತ್ತರಿ ಹಾಕಲು ಕೈ ಬರಲಿಲ್ಲ. ಮೊದಲು ಕೋರಾ ಬಟ್ಟೆಯಲ್ಲಿ ಒಂದು ಕೋಟನ್ನು ದೊಡ್ಡ ಹೊಲಿಗೆಯಲ್ಲಿ ಸುಮ್ಮನೆ ಜೋಡಿಸಿ, ನನ್ನ ಅಮ್ಮ ಪೊಳ್ಳಾಚಿಗೆ ಬಂದಾಗ ಕೊಟ್ಟುಕಳಿಸಿದರು. ಜೊತೆಗೊಂದು ಚೀಟಿ: "ಇದನ್ನ ಹಾಕ್ಕೊಂಡು ಸುಮ್ನೆ ನಿಲ್ಬೇಡಿ. ಕೂತ್ಕೊಳ್ಳಿ, ಕೈ ಎತ್ತಿ, ಬಗ್ಗಿ. ಎಲ್ಲಿ ಎಳೀತದೋ ಅಲ್ಲಿ ಒಂದು ದಾರ ಹಾಕಿ."

ಮಾವ ಆ ಬಿಳಿ ಕೋಟು ತೊಟ್ಟು ಮಗ್ಗಕ್ಕೆ ಇಳಿದರು. ಒಂದು ಇಡೀ ದಿನ ಅದರಲ್ಲೇ ನೇಯ್ದರು. ಅಮ್ಮ ಹೋಗಿ ನೋಡಿದಾಗ ಕುಣಿಯೊಳಗೆ ಬಿಳಿ ಕೋಟಿನ ಒಬ್ಬ ದೊಡ್ಡ ಮನುಷ್ಯ ಕೂತು ಲಾಳಿ ಓಡಿಸುತ್ತಿದ್ದ. "ಏನಣ್ಣ ಇದು?" ಅಂದರೆ, "ಅವಳು ಕೈ ಎತ್ತಿ ನೋಡಿ ಅಂದವಳೆ. ನಾನು ಕೈ ಎತ್ತೋದು ಇಲ್ಲೇ ಅಲ್ವಾ" ಅಂದರಂತೆ. ಕಂಕುಳಿನಲ್ಲಿ ಎರಡು, ಬೆನ್ನಿನಲ್ಲಿ ಒಂದು ದಾರ ಹಾಕಿ, ಬೆವರಿನ ಗುರುತಿನ ಸಮೇತ ಹಿಂದಕ್ಕೆ ಕಳಿಸಿದರು. ಅತ್ತೆ ತಿದ್ದಿ ಇನ್ನೊಮ್ಮೆ ಕಳಿಸಿದರು. ಈ ಸಲ ಒಂದೇ ದಾರ ಬಂತು, ಎಡ ಮಣಿಕಟ್ಟಿನಲ್ಲಿ. ಜೊತೆಗೆ ಒಂದು ಸಾಲು: "ಬಲಗಡೆ ಹಾಕಿದ್ದೇ ಗೊತ್ತಾಗಲ್ಲ."

ಅಂಥ ಪತ್ರವನ್ನು ತನಗೆ ಅದುವರೆಗೆ ಯಾರೂ ಬರೆದಿರಲಿಲ್ಲ ಎಂದರು ಅತ್ತೆ.

ರಿಸೆಪ್ಷನ್ನಿನ ದಿನ ಬಂತು. ಛತ್ರದ ಗಂಡಿನ ಕೋಣೆಗೆ ದೇವರಾಜನ್ ಟೈಲರು ಹೊಲಿದ ಕೋಟನ್ನು ಹಿಡಿದುಕೊಂಡು ಬಂದರು. ತಂಗಿಯ ಕೋಟು ಮುಗಿದಿರಲಿಲ್ಲ. ಮದುವೆಮನೆಯ ಓಡಾಟದಲ್ಲಿ ಗುಂಡಿಯ ತೂತುಗಳನ್ನು ಮಾಡಲು ಹೊತ್ತು ಸಿಕ್ಕಿರಲಿಲ್ಲ. ಟೈಲರನ ಕೋಟಿನಲ್ಲಿ ಎಲ್ಲವೂ ಇತ್ತು, ಹೊಳೆಯುವ ಗುಂಡಿ, ಜೇಬಿಗೆ ಕೆಂಪು ಪಟ್ಟಿ. ಮಾವ ತೊಟ್ಟುಕೊಂಡರು. ಕನ್ನಡಿಯಲ್ಲಿ ಹತ್ತಿ ತುಂಬಿದ ಭುಜಗಳು ಸರಿಸಮನಾಗಿದ್ದವು. ಆದರೆ ಎಡ ತೋಳು ಹೆಬ್ಬೆರಳ ಬುಡದವರೆಗೆ ಬಂದು, ಬಲ ತೋಳು ಮಣಿಕಟ್ಟಿನ ಮೇಲೆಯೇ ನಿಂತಿತ್ತು. ಬಲ ಭುಜದ ಮೇಲೆ ಹತ್ತಿಯ ದಿಂಬು ಮೈ ಬಿಟ್ಟು ಒಂದು ಸಣ್ಣ ಚಾವಣಿಯ ಹಾಗೆ ಎದ್ದುಕೊಂಡಿತ್ತು.

"ಕೊಂಚ ನೇರಾ ನಿಂತ್ಕಳಿ ಮಾಪಿಳ್ಳೆ" ಅಂದರು ದೇವರಾಜನ್.

ಮಾವ ಅವರ ಕಡೆ ತಿರುಗಿದರು. "ನಾನು ನೇರವಾಗೇ ನಿಂತಿದೀನಿ" ಅಂದರು. ಕೋಪದಿಂದಲ್ಲ. ನಲವತ್ತೆರಡು ವರ್ಷದಲ್ಲಿ ಆ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ಆವತ್ತೇ ಮೊದಲು. ಆಮೇಲೆ, "ಅವಳು ಹೊಲಿದದ್ದು ಎಲ್ಲಿದೆ?" ಎಂದು ಕೇಳಿದರು.

"ಅದು ಮುಗಿದಿಲ್ಲ. ಗುಂಡಿ ಹಾಕಾಕೆ ಆಗಲ್ಲ."

"ಪರವಾಯಿಲ್ಲೆ. ತರ್ಸಿ."

ಅಮ್ಮನೇ ಹೆಣ್ಣಿನ ಕೋಣೆಗೆ ಹೋಗಿ ತಂದರು. ಮಾವ ತೋಳು ತೂರಿಸಿದರು. ಬಟ್ಟೆ ಹಿಂದಿನಿಂದ ಬಂದು ಭುಜದ ಮೇಲೆ ಕೂತಿತು, ಎತ್ತರವಿದ್ದ ಕಡೆ ಎತ್ತರಕ್ಕೆ, ತಗ್ಗಿದ್ದ ಕಡೆ ತಗ್ಗಿಗೆ. ಎಲ್ಲೂ ಎಳೆಯಲಿಲ್ಲ, ಎಲ್ಲೂ ಉಬ್ಬಲಿಲ್ಲ. ಎರಡು ತೋಳಿನ ಅಂಚೂ ಎರಡು ಮಣಿಕಟ್ಟಿನ ಮೂಳೆಗೆ ಸರಿಯಾಗಿ ಬಂದು ನಿಂತವು. ಮಾವ ಕೈ ಎತ್ತಿದರು, ಇಳಿಸಿದರು. ಕನ್ನಡಿ ನೋಡುವುದನ್ನು ಮರೆತು ಕಣ್ಣುಮುಚ್ಚಿ ಒಂದು ಗಳಿಗೆ ಹಾಗೇ ನಿಂತರು.

ದೇವರಾಜನ್ ಸುತ್ತ ಒಂದು ಬಾರಿ ಬಂದರು. ಕೊಬ್ಬರಿ ಒಣಗಿದೆಯೇ ಎಂದು ನೋಡುವವರ ಹಾಗೆ ಭುಜದ ಹೊಲಿಗೆಯನ್ನು ಬೆರಳಿನಿಂದ ಒತ್ತಿ ನೋಡಿದರು. "ಇದನ್ನೇ ಹಾಕಿ" ಅಂದರು. "ನಾನು ಅವಳ ಮಾತು ಕೇಳ್ಬೇಕಿತ್ತು" ಎಂದೂ ಅಂದರು. ಟೈಲರನ ಕೋಟು ಅವರ ತೋಳಿನ ಮೇಲೇ ಇತ್ತು. ಏನು ಮಾಡುವುದೆಂದು ತೋಚದೆ ತಾವೇ ತೊಟ್ಟು ನೋಡಿದರು; ಬಹಳ ಚೆನ್ನಾಗಿ ಕೂತಿತು. ಆ ಸಂಜೆ ಅವರು ಅತಿಥಿಗಳನ್ನು ಬಾಗಿಲಲ್ಲಿ ಸ್ವಾಗತಿಸಿದ್ದು ಅದರಲ್ಲೇ.

ಮಾವ ಗುಂಡಿ ಹಾಕದ ಕೋಟಿನಲ್ಲಿ ಮೂರು ಗಂಟೆ ನಿಂತರು. ಯಾರೂ ಅವರ ಭುಜದ ಬಗ್ಗೆ ಏನೂ ಅನ್ನಲಿಲ್ಲ. ಗಂಡು ನೋಡಲು ಲಕ್ಷಣವಾಗಿದ್ದಾನೆ, ಸ್ವಲ್ಪ ವಯಸ್ಸಾಗಿದೆ, ಅಷ್ಟೆ ಎಂದು ಒಬ್ಬ ಮುದುಕಿ ಹೇಳಿದ್ದು ಅಮ್ಮನ ಕಿವಿಗೆ ಬಿತ್ತು. ಪಕ್ಕದಲ್ಲಿ ನಿಂತಿದ್ದ ಶಿವಗಾಮಿ ಒಂದೇ ಒಂದು ಸಲ, ಯಾರಿಗೂ ಕಾಣದ ಹಾಗೆ, ಅವರ ಎಡ ಮಣಿಕಟ್ಟಿನ ಬಳಿ ಉಳಿದಿದ್ದ ಒಂದು ಬಿಳಿ ಎಳೆಯನ್ನು ಕಿತ್ತು ತೆಗೆದರು.

"ಬೆನ್ನು ಹೆಂಗೆ ಅಳೆದ್ರಿ? ಯಾರು ಹಿಡಿದ್ರು?" ಎಂದು ಮೆಲ್ಲಗೆ ಕೇಳಿದರು.

"ಗೋಡೆ" ಅಂದರು ಮಾವ.

ಮದುವೆಯ ಮೇಲೆ ಅತ್ತೆ ತಮ್ಮ ಯಂತ್ರದೊಡನೆ ಸಿರುಮುಗೈಗೆ ಬಂದರು. ಮುಂದಿನ ಕೋಣೆಯಲ್ಲಿ ಯಂತ್ರ, ಒಳಗೆ ಮಗ್ಗ. ಎರಡೂ ಒಟ್ಟಿಗೆ ನಡೆಯುವಾಗ ಮನೆ ಒಂದು ಓಡುವ ಗಾಡಿಯ ಹಾಗಿರುತ್ತಿತ್ತು. ಮೊದಲ ವರ್ಷ ರವಿಕೆಗಳೇ. ಆಮೇಲೆ ಬೀದಿಯ ನೇಕಾರರೊಬ್ಬರು ಮಗನ ಮದುವೆಗೆ ಅಂಗಿ ಬೇಕೆಂದು ಹಿಂಜರಿಯುತ್ತ ಬಂದರು. ಅವರ ಬಲ ಭುಜವೂ ಇಳಿದಿತ್ತು. ಅತ್ತೆಗೆ ಒಂದು ಕಷ್ಟ ಎದುರಾಯಿತು. ಊರಿನ ಹೆಂಗಸು, ಹೊರಗಿನ ಗಂಡಸಿನ ಮೈಗೆ ಟೇಪು ಹಿಡಿಯುವ ಹಾಗಿರಲಿಲ್ಲ. ಬಂದವರಿಗೂ ಅಷ್ಟೇ ಸಂಕೋಚ. ಆಗ ಅತ್ತೆ ಮಡಕೆಯಿಂದ ದಾರದ ಒಂದು ಕಟ್ಟು ತೆಗೆದು ಕೊಟ್ಟು, "ಹಿಂದೆ ಬಾವಿ ಹತ್ರ ಅವರು ಇದಾರೆ. ಹೆಂಗೆ ಅಳೆಯೋದು ಅಂತ ಹೇಳ್ಕೊಡ್ತಾರೆ. ನೀವೇ ಅಳ್ಕೊಂಡು ಬನ್ನಿ" ಅಂದರು.

ಹಾಗೆ ಶುರುವಾಯಿತು. ಎರಡು ಮೂರು ವರ್ಷದಲ್ಲಿ ಭವಾನಿ ಹೊಳೆಯ ಆಚೆಯಿಂದಲೂ ಜನ ಬರತೊಡಗಿದರು. ಸ್ಟೀರಿಂಗ್ ಹಿಡಿದೂ ಹಿಡಿದೂ ಮುಂದಕ್ಕೆ ಬಾಗಿದ ಲಾರಿ ಡ್ರೈವರು, ತೆಂಗಿನಮರ ಹತ್ತುವವರು, ಆಲೆಮನೆಯಲ್ಲಿ ಕೈಯ ಎರಡು ಬೆರಳು ಕಳೆದುಕೊಂಡವರೊಬ್ಬರು. ಎಲ್ಲರೂ ಹಿತ್ತಿಲಿಗೆ ಹೋಗಿ, ಅಂಗಿ ತೆಗೆದು, ಮಾವ ಹೇಳಿದಂತೆ ದಾರ ಸುತ್ತಿಕೊಳ್ಳುತ್ತಿದ್ದರು. ಮಾವ ಅವರನ್ನು ಮುಟ್ಟುತ್ತಿರಲಿಲ್ಲ, ಮುಖ ಆಚೆ ತಿರುಗಿಸಿ ಕೂತು ಬರೀ ಮಾತಿನಲ್ಲಿ ಹೇಳುತ್ತಿದ್ದರು: "ಉಸಿರು ಕಟ್ಬೇಡಿ. ಹೊಟ್ಟೆ ಒಳಗೆ ಎಳ್ಕೋಬೇಡಿ. ದಿನಾ ಹೆಂಗೆ ನಿಲ್ತೀರೋ ಅಂಗೇ ನಿಲ್ಲಿ." ಯಾರಾದರೂ ಅವಸರ ಮಾಡಿದರೆ, "ಬಸ್ಸು ಇನ್ನೊಂದು ಬರ್ತದೆ" ಎನ್ನುತ್ತಿದ್ದರು.

ಎಂಬತ್ತೊಂಬತ್ತರಲ್ಲಿ, ಬಿಸಿಲು ಏರತೊಡಗುವ ಮಾಸಿ ತಿಂಗಳ ಒಂದು ಮಧ್ಯಾಹ್ನ, ಕಾರಮಡೈಯಿಂದ ಕುಪ್ಪಸಾಮಿ ಎಂಬ ಅರವತ್ತರ ಆಸುಪಾಸಿನವರು ಬಂದಾಗ ನಾನೂ ಅಲ್ಲಿದ್ದೆ. ಕಾಲೇಜು ರಜೆಗೆ ಬಂದವಳು ಅತ್ತೆಗೆ ಗುಂಡಿ ಹೊಲಿದುಕೊಡುತ್ತಿದ್ದೆ. ಕುಪ್ಪಸಾಮಿ ತೋಟಗಳಿಂದ ಲಾರಿಗೆ ಬಾಳೆಗೊನೆ ಹೊರುವ ಕೆಲಸದವರು. ಎಡ ಭುಜದ ಮೇಲೆ ಮಾಂಸ ಗಂಟಾಗಿ ಏರಿತ್ತು, ತಲೆ ಸ್ವಲ್ಪ ಬಲಕ್ಕೆ ವಾಲಿತ್ತು. ಮಗಳು ಡಿಗ್ರಿ ಮುಗಿಸಿದ್ದಾಳೆ, ಕೊಯಮತ್ತೂರಿನಲ್ಲಿ ಪದವಿ ಕೊಡುತ್ತಾರೆ, ಅಪ್ಪ ಪ್ಯಾಂಟು ಅಂಗಿ ಹಾಕಿಕೊಂಡೇ ಬರಬೇಕು ಎಂದಿದ್ದಾಳೆ ಎಂದು ಹೇಳಿ, ದಾರದ ಕಟ್ಟು ಹಿಡಿದು ಹಿತ್ತಿಲಿಗೆ ಹೋದರು.

ಒಂದು ಗಂಟೆಯಾಯಿತು. ಮಾವ ಎರಡು ಸಲ ಬಾವಿಯಿಂದ ನೀರು ಸೇದಿದ ಸದ್ದು ಕೇಳಿತು. ಕುಪ್ಪಸಾಮಿ ಒದ್ದೆ ಮೈಯ ಮೇಲೆ ಟವೆಲು ಹೊದ್ದುಕೊಂಡು ಒಳಗೆ ಬಂದರು. ಗಂಟು ಹಾಕಿದ ದಾರಗಳೆಲ್ಲ ಅವರ ಎಡಗೈಯಲ್ಲಿದ್ದವು, ಕಾಲಿನ ಉದ್ದದ್ದು ಮಾತ್ರ ಬೇರೆಯಾಗಿ ಬಲಗೈಯಲ್ಲಿ. ಅದನ್ನು ಎತ್ತಿ ಹಿಡಿದು ನೋಡುತ್ತ ಕೇಳಿದರು:

"ಅಮ್ಮಾ, ಇದು ನಿಜವಾಗ್ಲೂ ನನ್ನ ಕಾಲಾ?"

"ನೀವೇ ತಾನೆ ಅಳೆದದ್ದು."

"ನಾನು ಕುಳ್ಳ ಅಂದ್ಕೊಂಡಿದ್ದೆ" ಅಂದರು ಕುಪ್ಪಸಾಮಿ. "ಯಾವಾಗ್ಲೂ ಹೊರೆ ಮೇಲಿರ್ತದೆ. ಜೊತೆಯವರೂ ಕುಳ್ಳ ಅಂತಲೇ ಕರೀತಾರೆ."

ಅತ್ತೆ ಆ ದಾರ ತೆಗೆದುಕೊಂಡು ತಮ್ಮ ಮಂಡಿಯ ಮೇಲೆ ಉದ್ದಕ್ಕೆ ಹಾಸಿ ನೋಡಿದರು. "ಅವರಿಗಿಂತ ಎರಡು ಬೆರಳು ಉದ್ದ ಇದೀರಿ" ಎಂದು ಹಿತ್ತಿಲ ಕಡೆ ತಲೆಯಾಡಿಸಿದರು. "ಯಾವತ್ತು ಪದವಿ?"

"ಬರೋ ಇಪ್ಪತ್ತಕ್ಕೆ."

"ಅದಕ್ಕೆ ನಾಲ್ಕು ದಿನ ಮುಂಚೆ ಬನ್ನಿ. ಹಾಕಿ, ಬಗ್ಗಿ ನೋಡ್ಬೇಕು. ಮಗಳು ಎಲ್ಲಿ ಕೂತಿರ್ತಾಳೆ, ಮುಂದೆಯಾ?"

"ಮುಂದೆ. ನಾವು ಹಿಂದೆ. ಅವಳ ಹೆಸರು ಕರೆದಾಗ ಎದ್ದು ನಿಲ್ಬೇಕಂತೆ."

"ಅಂಗಾದ್ರೆ ಎದ್ದು ನಿಲ್ಲೋದನ್ನೂ ನೋಡೋಣ" ಅಂದರು ಅತ್ತೆ.

ಅವರು ಕೊಟ್ಟ ಮಜ್ಜಿಗೆ ಕುಡಿದು, ಲೋಟವನ್ನು ತಾವೇ ತೊಳೆದಿಟ್ಟು, ಕುಪ್ಪಸಾಮಿ ಮೂರೂವರೆಯ ಬಸ್ಸಿಗೆ ನಡೆದರು. ಬಿಸಿಲು ಇನ್ನೂ ಬೀದಿಯಲ್ಲಿತ್ತು. ಅತ್ತೆ ಯಂತ್ರದ ಮೇಲಿನ ಬಟ್ಟೆ ಸರಿಸಿ, ಹಳೆಯ ಪತ್ರಿಕೆಯ ಒಂದು ಹಾಳೆ ನೆಲಕ್ಕೆ ಹಾಸಿ, ಮೊದಲು ಕಾಲಿನ ದಾರವನ್ನೇ ಅದರ ಮೇಲೆ ಇಟ್ಟರು.